ಎಲ್ಲರಿಗಿಂತ ಕಡಿಮೆ ಹೇಳಿದವರ ಪ್ರವಾಸ

ಹಳೆಯ ಗೆಳೆಯರೆಲ್ಲ ಒಮ್ಮೆ ಸೇರಬೇಕು ಎಂಬ ಮಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ವರ್ಷಗಟ್ಟಲೆ ತೇಲಾಡುತ್ತಿರುತ್ತದೆ. ರಜೆ ಸಿಗಲಿಲ್ಲ, ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು ಎಂದು ಒಂದೊಂದಾಗಿ ಕಾರಣಗಳು ಬರುತ್ತವೆ. ನಿಜವಾದ ಕಾರಣ ಎಷ್ಟೋ ಸಲ ದುಡ್ಡು. ಅದೊಂದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗುಂಪಿನಲ್ಲಿ ನಾಲ್ಕು ದೇಶದವರಿದ್ದರಂತೂ ದಾಕ್ಷಿಣ್ಯ ಇನ್ನೂ ಜಾಸ್ತಿ.

ನಮ್ಮದು ಅಂಥದೇ ಗುಂಪು. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾಯಿತು. ಮೇ 12ರಂದು ಭೂಮಿ ಮತ್ತೆ ನಡುಗಿತು. ಸುಮಾರು ಒಂಬತ್ತು ಸಾವಿರ ಜನ ಸತ್ತರು. ಆ ವರ್ಷ ಮಳೆಗಾಲ ಮುಗಿದ ಮೇಲೆ ಸಿಂಧುಪಾಲ್ಚೋಕ್ ಜಿಲ್ಲೆಯ ಹಳ್ಳಿಶಾಲೆಯೊಂದಕ್ಕೆ ತಗಡಿನ ಕೊಠಡಿ ಎಬ್ಬಿಸಲು ಹೋದವರಲ್ಲಿ ನಾನೂ ಒಬ್ಬಳು. ಜೊತೆಗೆ ಜರ್ಮನಿಯ ಒಬ್ಬ ನರ್ಸ್, ಜಪಾನಿನ ಒಬ್ಬ ಮೇಷ್ಟ್ರು. ಮೂವರಿಗೂ ಆಸರೆಯಾದವರು ಅದೇ ಊರಿನಲ್ಲಿ ಸಣ್ಣ ಅಂಗಡಿ ಇಟ್ಟಿದ್ದ ಒಬ್ಬರು. ಅವರನ್ನು ನಾವೆಲ್ಲ 'ದಾಯಿ' ಎನ್ನುತ್ತಿದ್ದೆವು, ಅಂದರೆ ಅಣ್ಣ. ನಾನು ಅವರಿಗೆ 'ಬಹಿನಿ'. ಆಗ ಭಾರತದ ಗಡಿಯಲ್ಲಿ ಲಾರಿಗಳು ನಿಂತುಹೋಗಿ ನೇಪಾಳಕ್ಕೆ ಪೆಟ್ರೋಲೂ ಇಲ್ಲ, ಅಡುಗೆ ಗ್ಯಾಸೂ ಇಲ್ಲ. ದಾಯಿಯ ಹೆಂಡತಿ ಸೌದೆ ಒಲೆಯ ಮುಂದೆ ಕೂತು ನಮಗೆ ದಾಲ್‌ಭಾತ್ ಮಾಡಿ ಹಾಕಿದರು. ನಾನು ಭಾರತದವಳು ಎಂದು ಅವರು ಒಂದು ಕಟುಮಾತೂ ಆಡಲಿಲ್ಲ.

ಮತ್ತೆ ನಾಲ್ವರೂ ಸೇರಿದ್ದು 2024ರ ನವೆಂಬರ್‌ನಲ್ಲಿ. ಅದು ಸಾಧ್ಯವಾದದ್ದು ಒಂದು ಸಣ್ಣ ಉಪಾಯದಿಂದ. ಊರು ಸೇರಿದ ಮೇಲೆ ಇಡೀ ಪ್ರವಾಸಕ್ಕೆ ಹೆಚ್ಚೆಂದರೆ ಎಷ್ಟು ಖರ್ಚು ಮಾಡಬಲ್ಲಿರಿ ಎಂಬುದನ್ನು ಎಲ್ಲರೂ ಗುಟ್ಟಾಗಿ ಒಬ್ಬರಿಗೆ ತಿಳಿಸಬೇಕು. ಬಂದ ಮೊತ್ತಗಳಲ್ಲಿ ಯಾವುದು ಎಲ್ಲಕ್ಕಿಂತ ಕಡಿಮೆಯೋ ಅದರೊಳಗೇ ಯೋಜನೆ. ಸರಾಸರಿ ತೆಗೆಯುವಂತಿಲ್ಲ, ಬಹುಮತಕ್ಕೆ ಹಾಕುವಂತಿಲ್ಲ. ಸರಾಸರಿ ಎಂದರೆ ಅದಕ್ಕಿಂತ ಕಡಿಮೆ ಹೇಳಿದವರಿಗೆ ಸಾಲ ಎಂದೇ ಲೆಕ್ಕ. ವಿಮಾನದ ಖರ್ಚನ್ನು ಇದರಲ್ಲಿ ಸೇರಿಸಬಾರದು, ಏಕೆಂದರೆ ಒಬ್ಬೊಬ್ಬರ ಊರಿನಿಂದ ಅದು ಒಂದೊಂದು ತರಹ.

ಮೊತ್ತಗಳನ್ನು ಸಂಗ್ರಹಿಸುವ ಕೆಲಸ ನನ್ನ ಪಾಲಿಗೆ ಬಂತು. ಕಡಿಮೆ ಹೇಳುವವರು ದಾಯಿಯೇ ಎಂದು ಯಾರಾದರೂ ಊಹಿಸಿಯಾರು. ಆದರೆ ಎಲ್ಲರಿಗಿಂತ ಸಣ್ಣ ಮೊತ್ತ ಬಂದದ್ದು ಜರ್ಮನಿಯಿಂದ. ತಾಯಿಯನ್ನು ನೋಡಿಕೊಳ್ಳಲು ಆಕೆ ಅರ್ಧ ದಿನದ ಕೆಲಸಕ್ಕೆ ಇಳಿದಿದ್ದಳು. ಬಾಡಿಗೆ, ವಿಮೆ ಕಳೆದು ಉಳಿದದ್ದನ್ನು ವಿಮಾನದ ಟಿಕೆಟ್ಟೇ ನುಂಗಿತ್ತು. (ಇದನ್ನು ಆಕೆಯೇ ಆಮೇಲೆ ಎಲ್ಲರೆದುರು ಹೇಳಿದ್ದರಿಂದ ಬರೆಯುತ್ತಿದ್ದೇನೆ.) ಯೂರೋದಲ್ಲಿ ಸಂಬಳ ಬರುತ್ತದೆ ಎಂದಮಾತ್ರಕ್ಕೆ ಕೈಯಲ್ಲಿ ಯೂರೋ ಉಳಿಯುತ್ತದೆ ಎಂದಲ್ಲ. ಅಮೆರಿಕದಲ್ಲಿರುವ ಭಾವಮೈದುನ ಊರಿಗೆ ಬಂದಾಗ ಹೋಟೆಲ್ ಬಿಲ್ಲನ್ನು ಅವನ ಕಡೆಗೇ ಸರಿಸುವ ನಮ್ಮ ಮನೆಗಳಲ್ಲೂ ಇದನ್ನೊಮ್ಮೆ ಯೋಚಿಸಬಹುದು.

ನೇಪಾಳಕ್ಕೆ ಹೋಗುವ ನಮ್ಮವರಿಗೆ ದುಡ್ಡಿನ ವಿಷಯದಲ್ಲಿ ಅನುಕೂಲವೂ ಇದೆ, ತೊಡಕೂ ಇದೆ. 1993ರಿಂದ ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ ಎಂಬ ದರ ಬದಲಾಗಿಲ್ಲ. ಹಾಗಾಗಿ ಆರು ತಿಂಗಳ ಮುಂಚೆ ಹಾಕಿದ ಲೆಕ್ಕ ಹೋಗುವ ದಿನಕ್ಕೂ ಹಾಗೇ ನಿಲ್ಲುತ್ತದೆ. ನಾನು ಇದನ್ನೇ ನಂಬಿ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿದ್ದೆ. ಇನ್ನು ತೊಡಕು: ನೇಪಾಳ, ಭೂತಾನ್ ಪ್ರವಾಸಕ್ಕೆಂದು ನಮ್ಮ ಬ್ಯಾಂಕುಗಳು ವಿದೇಶಿ ವಿನಿಮಯ ಕೊಡುವಂತಿಲ್ಲ, ಫಾರೆಕ್ಸ್ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ನಾವು ಹೋದಾಗ 100ರ ಮೇಲಿನ ನಮ್ಮ ನೋಟುಗಳಿಗೂ ಅಲ್ಲಿ ಮಾನ್ಯತೆ ಇರಲಿಲ್ಲ. ಈ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. 2024ರ ಮಾರ್ಚ್‌ನಿಂದ ಅಲ್ಲಿನ ಫೋನೆಪೇ ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐ ಹಣ ಹೋಗುತ್ತದೆ. ಹೆಸರು ಹತ್ತಿರವಾದರೂ ನಮ್ಮ ಫೋನ್‌ಪೇಗೂ ಅದಕ್ಕೂ ಸಂಬಂಧವಿಲ್ಲ. ದೊಡ್ಡ ಅಂಗಡಿಗಳಲ್ಲಿ ಇದು ಸಲೀಸು, ಬೀದಿಬದಿಯಲ್ಲಿ ನಗದೇ ಗತಿ. ಅಂದಹಾಗೆ, ವಿಮಾನದಲ್ಲಿ ಹೋಗುವ 15ರಿಂದ 65 ವರ್ಷದವರಿಗೆ ಆಧಾರ್ ಸಾಲದು, ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು.

ಖರ್ಚು ಹಂಚುವ ಪ್ರಶ್ನೆ ಎದ್ದದ್ದು ಭಕ್ತಪುರದ ದರ್ಬಾರ್ ಚೌಕದ ಟಿಕೆಟ್ ಕಟ್ಟೆಯಲ್ಲಿ. ಜರ್ಮನಿ, ಜಪಾನಿನವರಿಗೆ ತಲಾ 1,800 ನೇಪಾಳಿ ರೂಪಾಯಿ. ಸಾರ್ಕ್ ದೇಶದವಳಾದ ನನಗೆ 500. ದಾಯಿಗೆ ಟಿಕೆಟ್ಟೇ ಬೇಕಿಲ್ಲ. ವೀಸಾದ ಕಥೆಯೂ ಇದೇ. ಅವರಿಬ್ಬರೂ ಹದಿನೈದು ದಿನಕ್ಕೆ 30 ಡಾಲರ್ ತೆತ್ತಿದ್ದರು, ನನಗೆ ವೀಸಾ ಇಲ್ಲ. ದೇಶದೊಳಗಿನ ವಿಮಾನಗಳಲ್ಲೂ ನೇಪಾಳಿಗರಿಗೊಂದು ದರ, ಭಾರತೀಯರಿಗೊಂದು, ಉಳಿದವರಿಗೊಂದು. ಎಲ್ಲ ಕೂಡಿಸಿ ನಾಲ್ಕರಿಂದ ಭಾಗಿಸೋಣ ಎಂದರು ಜಪಾನಿನ ಮೇಷ್ಟ್ರು, ಅವರ ಮೊಬೈಲಿನಲ್ಲಿ ಅದಕ್ಕೊಂದು ಆ್ಯಪೂ ಇತ್ತು. ನಾನು ಒಪ್ಪಲಿಲ್ಲ. ಹಾಗೆ ಭಾಗಿಸಿದರೆ ತನ್ನದೇ ದೇಶದ ಗುಡಿ ನೋಡಲು ದಾಯಿ ಪರದೇಶಿಯರ ಟಿಕೆಟ್ಟಿಗೆ ದುಡ್ಡು ಕೊಟ್ಟಂತಾಗುತ್ತದೆ. ಪಾಸ್‌ಪೋರ್ಟಿನಿಂದ ಹುಟ್ಟಿದ ಖರ್ಚು ಪಾಸ್‌ಪೋರ್ಟಿನವರದೇ ಎಂದು ಅಲ್ಲೇ ತೀರ್ಮಾನವಾಯಿತು. ಕೋಣೆ, ವ್ಯಾನು, ಊಟಕ್ಕೆ ಮಾತ್ರ ಒಂದು ಥೈಲಿ, ಅದು ಮೇಷ್ಟ್ರ ಕೈಯಲ್ಲಿ.

1,800 ಜಾಸ್ತಿಯಾಯಿತು ಎಂದು ಯಾರೂ ಗೊಣಗಲಿಲ್ಲ. ಐದು ಅಂತಸ್ತಿನ ನ್ಯಾತಪೋಲ ದೇಗುಲ 1934ರ ಭೂಕಂಪವನ್ನೂ 2015ರದ್ದನ್ನೂ ತಡೆದುಕೊಂಡು ನಿಂತಿದೆ. ಬಿದ್ದುಹೋದ ವತ್ಸಲಾ ದೇಗುಲವನ್ನು ಊರಿನವರೇ ಮತ್ತೆ ಎಬ್ಬಿಸಿದ್ದಾರೆ. ಟಿಕೆಟ್ ಹಣ ಇಂಥ ಕೆಲಸಕ್ಕೆ ಹೋಗುತ್ತದೆ ಎನ್ನುವುದು ಕಣ್ಣೆದುರೇ ಇತ್ತು. ಎವರೆಸ್ಟ್ ತೋರಿಸಿಕೊಂಡು ಬರುವ ಬೆಳಗಿನ ವಿಮಾನವನ್ನು ಮಾತ್ರ ಕೈಬಿಟ್ಟೆವು, ಅದು ನಮ್ಮ ಮಿತಿಗೆ ಮೀರಿದ್ದು. ಬದಲಿಗೆ ವ್ಯಾನಿನಲ್ಲಿ ನಾಗರಕೋಟ್ ಹತ್ತಿದೆವು. ನಸುಕಿನಲ್ಲಿ ಹಿಮದ ಸಾಲು ಪೂರ್ತಿ ಕಂಡಿತು. ಅದರಲ್ಲಿ ಎವರೆಸ್ಟ್ ಯಾವುದು ಎಂದು ದಾಯಿ ಬೆರಳು ಮಾಡಿ ತೋರಿಸಿದರೂ ನನಗೆ ಗೊತ್ತಾಗಲಿಲ್ಲ. ಕಾಠ್ಮಂಡುವಿನ ಪಶುಪತಿನಾಥ ದೇಗುಲದಲ್ಲಿ ಪೂಜೆಗೆ ನಿಲ್ಲುವ ಭಟ್ಟರು ತಲೆಮಾರುಗಳಿಂದ ದಕ್ಷಿಣ ಭಾರತದವರು, ಈಗಲೂ ನಮ್ಮ ಕರಾವಳಿಯಿಂದ ಹೋದವರಿದ್ದಾರೆ ಎಂದು ನಾನು ಹೇಳಿದಾಗ ದಾಯಿಗೇ ಆಶ್ಚರ್ಯವಾಯಿತು.

ಎಲ್ಲಕ್ಕಿಂತ ಕಠಿಣವಾದದ್ದು ದಾಯಿಯ ಪಾಲು. ಥೈಲಿ ಮಾಡಿದ ಮೇಲೆ ನಾವು ಮೂವರೂ ಒಳಗೊಳಗೇ ಮಾತಾಡಿಕೊಂಡಿದ್ದೆವು, ಥೈಲಿಗೆ ಅವರಿಂದ ಏನೂ ಬೇಡ ಎಂದು. ಅವರು ಅಂಗಡಿ ಮುಚ್ಚಿ ಬರುತ್ತಾರೆ, ವ್ಯಾನಿನವನ ಹತ್ತಿರ ಚೌಕಾಸಿ ಅವರದು, ದಾರಿ ತೋರಿಸುವುದು, ಭಾಷೆ ಎಲ್ಲ ಅವರದು. ಇದಕ್ಕೆ ಕೂಲಿ ಕಟ್ಟಿದರೆ ನಮ್ಮ ಪಾಲಿಗಿಂತ ಅವರದೇ ಹೆಚ್ಚಾದೀತು. ಲೆಕ್ಕವೇನೋ ಸರಿಯಾಗಿತ್ತು. ಆದರೆ ಅದೇ ದಿನ ಚಹಾ ಅಂಗಡಿಯಲ್ಲಿ ದಾಯಿಯ ಕೈಯನ್ನು ಜರ್ಮನಿಯವಳು ತಡೆದಾಗ ಅವರ ಮುಖ ಸಣ್ಣದಾಯಿತು. "ಬಹಿನಿ, ನಾನು ನಿಮ್ಮ ಗೈಡಾ?" ಎಂದು ನನ್ನನ್ನು ಕೇಳಿದರು.

ಕೊಡುವುದಕ್ಕೆ ಬಿಡದಿದ್ದರೆ ಅದೂ ಒಂದು ಬಗೆಯ ಅವಮಾನ. ಕೊನೆಗೆ ದಾರಿ ತೋರಿಸಿದವರೂ ಅವರೇ. ಥೈಲಿಗೆ ಅವರೂ ದುಡ್ಡು ಹಾಕುತ್ತಾರೆ, ಆದರೆ ತಮಗೆ ಸರಿಕಂಡಷ್ಟು, ಎಷ್ಟು ಎಂದು ಯಾರೂ ಎಣಿಸಬಾರದು. ದಿನದ ಮೊದಲ ಚಹಾ ಅವರದು. ಭಕ್ತಪುರದ ಮಣ್ಣಿನ ಕುಡಿಕೆಯ ಜುಜು ಧೌ, ಅದೇ ಆ ಗಟ್ಟಿ ಸಿಹಿ ಮೊಸರು, ಎಲ್ಲೇ ತಿಂದರೂ ಅವರದು. ಸಿಂಧುಪಾಲ್ಚೋಕದ ಅವರ ಮನೆಯ ಹೊಸಿಲು ದಾಟಿದ ಮೇಲೆ ಯಾರ ಪರ್ಸೂ ಹೊರಬರಕೂಡದು. ನಾವು ಒಪ್ಪಿಕೊಂಡೆವು. ಆ ಮನೆಯಲ್ಲಿ ಈಗ ಗ್ಯಾಸ್ ಒಲೆ ಇದೆ. ಅವರ ಹೆಂಡತಿ ನನಗೆ ಎಷ್ಟು ಸಲ ಅನ್ನ ಬಡಿಸಿದರೋ, ಬೇಡ ಎಂದಷ್ಟೂ ತಟ್ಟೆ ತುಂಬುತ್ತಿತ್ತು.

ಶಾಲೆಗೆ ಈಗ ಪಕ್ಕಾ ಕಟ್ಟಡ ಬಂದಿದೆ. ಹಳೆಯ ಸ್ವಯಂಸೇವಕರು ಹೀಗೆ ಮತ್ತೆ ಕಾಲಿಟ್ಟಾಗ ಏನಾದರೂ ಕೊಡಬೇಕು ಎಂದು ಮನಸ್ಸು ಕರಗುತ್ತದೆ. ಯಾರದೋ ಕೈಗೆ ನೋಟಿನ ಕಂತೆ ಇಡಬೇಡಿ ಎನ್ನುತ್ತೇನೆ. ಅಲ್ಲಿನ ಶಾಲೆಗಳಿಗೆ ವ್ಯವಸ್ಥಾಪನಾ ಸಮಿತಿ ಇರುತ್ತದೆ, ಅದರ ಬ್ಯಾಂಕ್ ಖಾತೆಗೆ ಕೊಟ್ಟು ರಸೀದಿ ಪಡೆಯುವುದು ಲೇಸು. ಏನು ಬೇಕು ಎಂಬುದನ್ನೂ ಅವರನ್ನೇ ಕೇಳಬೇಕು. ನಾವು ಕಂಪ್ಯೂಟರ್ ಎಂದುಕೊಂಡಿದ್ದೆವು, ಅವರಿಗೆ ಬೇಕಿದ್ದದ್ದು ನೀರಿನ ಟ್ಯಾಂಕು.

ಥೈಲಿಯಲ್ಲಿ ಸ್ವಲ್ಪ ಉಳಿಯಿತು. ಅದನ್ನು ಹಂಚಿಕೊಳ್ಳದೆ ಮುಂದಿನ ಭೇಟಿಗೆಂದು ಮೇಷ್ಟ್ರ ಬಳಿಯೇ ಬಿಟ್ಟೆವು. ಮುಂದಿನದು ಹಂಪಿ, ಅಲ್ಲಿ ಆತಿಥ್ಯ ನನ್ನದು. ನಮ್ಮ ಪುರಾತತ್ತ್ವ ಇಲಾಖೆಯ ಟಿಕೆಟ್ಟಿನಲ್ಲಿ ಸಾರ್ಕ್ ದೇಶದವರಿಗೂ ನಮ್ಮದೇ ದರ, ಹಾಗಾಗಿ ವಿಠ್ಠಲ ದೇವಸ್ಥಾನಕ್ಕೆ ದಾಯಿಗೂ ನನಗೂ ತಲಾ 40 ರೂಪಾಯಿ, ಉಳಿದಿಬ್ಬರಿಗೆ 600. ದಾಯಿ ಗಡಿ ದಾಟಿ ಗೋರಖ್‌ಪುರಕ್ಕೆ ಬಂದು ಯಶವಂತಪುರದ ರೈಲು ಹತ್ತುತ್ತಾರಂತೆ. ಬರುವುದೇನೋ ಖಚಿತ, ಆದರೆ ಒಂದು ಷರತ್ತು ಹಾಕಿದ್ದಾರೆ: ಹೊಸಪೇಟೆಯಿಂದ ಹಂಪಿಗೆ ಒಂದು ದಿನದ ಗಾಡಿ ಬಾಡಿಗೆ ಪೂರ್ತಿ ಅವರದೇ. ನಾನು ಆಗಲಿ ಎಂದಿದ್ದೇನೆ.