ಮೋಟಾರಿನ ಮುಂದೀಪವೂ ಕ್ಸೆನಾನ್ ಬೆಳಕೂ

ಹೆಡ್‌ಲೈಟು ಎಂದು ನಾವೆಲ್ಲರೂ ಕರೆಯುವ ಮೋಟಾರಿನ ಮುಂದೀಪಕ್ಕೆ ಎರಡು ಕರ್ತವ್ಯಗಳಿವೆ. ಚಾಲಕನಿಗೆ ದಾರಿಯನ್ನು ತೋರಿಸುವುದು ಮೊದಲನೆಯದು. ಎದುರಿನಿಂದ ಬರುವವರ ಕಣ್ಣನ್ನು ಕುಕ್ಕದಿರುವುದು ಎರಡನೆಯದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಮರೆತವರು ಎಷ್ಟು ಮಂದಿಯೆಂಬುದನ್ನು, ಮಳೆಗಾಲದ ಸಂಜೆ ಚೆರ್ಕಳ–ಜಾಲ್ಸೂರು ರಸ್ತೆಯ ಅಂಚಿನಲ್ಲಿ ಕೊಡೆ ಹಿಡಿದು ನಡೆಯುವವರನ್ನು ಕೇಳಿ ತಿಳಿಯಬೇಕು. ಹಳೆಯ ಕಾರಿನ ದೀಪ ಮಂದವಾಯಿತೆಂದು ಅಂಗಡಿಯಿಂದ ಕ್ಸೆನಾನ್ ಬಲ್ಬುಗಳನ್ನು ತಂದು ಸಿಕ್ಕಿಸಿಕೊಳ್ಳುವ ರೂಢಿ ನಮ್ಮಲ್ಲಿ ಬೆಳೆದಿದೆ. ಅದು ಸರಿಯಾದ ಕೆಲಸವಾಗುವುದು ಯಾವಾಗ, ಅಪಾಯವಾಗುವುದು ಯಾವಾಗ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ. ಹೊಸ ಕಾರುಗಳಲ್ಲಿ ಎಲ್.ಇ.ಡಿ. ದೀಪಗಳು ಕ್ಸೆನಾನಿನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆಯಾದರೂ ಇಲ್ಲಿನ ತತ್ತ್ವಗಳು ಅವಕ್ಕೂ ಅನ್ವಯಿಸುತ್ತವೆ.

ಮೊದಲು ಕಣ್ಣಿನ ವಿಷಯ. ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ನಮ್ಮ ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷಗಳು ಬೇಕು. ಆ ಹೊಂದಾಣಿಕೆಯನ್ನು ಕೆಡಿಸಲು ಒಂದು ಸೆಕೆಂಡು ಸಾಕು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿಯು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕನ ಕಣ್ಣು ಮೂರು ಸೆಕೆಂಡು ಕುರುಡಾದರೆ ಅವನು 50 ಮೀಟರ್ ದಾರಿಯನ್ನು ಕಾಣದೆಯೇ ಕ್ರಮಿಸಿದಂತಾಯಿತು. ಆ ಐವತ್ತು ಮೀಟರಿನೊಳಗೆ ಟ್ಯೂಷನ್ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೊರಟ ಹುಡುಗನೊಬ್ಬನಿರಬಹುದು. ವಯಸ್ಸಾದವರ ಕಣ್ಣಿನ ಮಸೂರವು ಬೆಳಕನ್ನು ಒಳಗೇ ಚದರಿಸುವುದರಿಂದ ಅವರಿಗೆ ಈ ಬಾಧೆ ಇನ್ನೂ ಹೆಚ್ಚು.

ಇನ್ನು ದೀಪಗಳ ವಿಷಯ. ಸಾಮಾನ್ಯ ಹ್ಯಾಲೊಜನ್ ಬಲ್ಬಿನಲ್ಲಿ ಟಂಗ್‌ಸ್ಟನ್ ಲೋಹದ ಸುರುಳಿತಂತಿಯು ಕಾದು ಬೆಳಗುತ್ತದೆ. ಕ್ಸೆನಾನ್ ಬಲ್ಬಿನಲ್ಲಿ ತಂತಿಯೇ ಇಲ್ಲ. ಎರಡು ವಿದ್ಯುದಗ್ರಗಳ ನಡುವಣ ಸುಮಾರು ನಾಲ್ಕು ಮಿಲಿಮೀಟರ್ ಎಡೆಯಲ್ಲಿ ವಿದ್ಯುತ್ತಿನ ಕಿಡಿಯು ಕಮಾನಿನಂತೆ ನಿಂತು ಉರಿಯುತ್ತದೆ. ಕ್ಸೆನಾನ್ ಎಂಬುದು ರಾಮ್ಸೆ ಮತ್ತು ಟ್ರಾವರ್ಸ್ ಎಂಬ ವಿಜ್ಞಾನಿಗಳು 1898ರಲ್ಲಿ ಕಂಡುಹಿಡಿದ ಅನಿಲ. ಹೆಸರಿಗೆ ಗ್ರೀಕ್ ಭಾಷೆಯಲ್ಲಿ ‘ಅಪರಿಚಿತ’ ಎಂದರ್ಥ. ಒಂದು ಕೋಟಿ ಪಾಲು ಗಾಳಿಯಲ್ಲಿ ಅದು ಹೆಚ್ಚುಕಡಿಮೆ ಒಂದು ಪಾಲು ಮಾತ್ರ ಇರುವುದರಿಂದ ಆ ಹೆಸರು ಒಪ್ಪುತ್ತದೆ. ದೀಪ ಹೊತ್ತಿದೊಡನೆ ಬೆಳಕು ಕೊಡುವುದು ಈ ಅನಿಲ. ಕೆಲವು ಸೆಕೆಂಡುಗಳ ತರುವಾಯ ಬಲ್ಬಿನೊಳಗಿನ ಲೋಹಲವಣಗಳು ಆವಿಯಾಗಿ ಪೂರ್ಣ ಪ್ರಕಾಶ ಬರುತ್ತದೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಾರುಗಳಲ್ಲಿ 1991ರಲ್ಲಿ ಇದು ಮೊದಲು ಬಳಕೆಗೆ ಬಂತು. ಎಚ್-4 ಎಂಬ ನಮ್ಮ ಸಾಮಾನ್ಯ ಹ್ಯಾಲೊಜನ್ ಬಲ್ಬು ಡಿಮ್‌ನಲ್ಲಿ 55 ವಾಟ್ ವಿದ್ಯುತ್ತಿನಿಂದ ಸುಮಾರು 1000 ಲ್ಯೂಮೆನ್ ಬೆಳಕು ನೀಡಿದರೆ, ಕ್ಸೆನಾನ್ 35 ವಾಟ್‌ನಿಂದ ಸುಮಾರು 3200 ಲ್ಯೂಮೆನ್ ನೀಡುತ್ತದೆ. ಕಡಮೆ ಖರ್ಚಿನಲ್ಲಿ ಮೂರು ಪಾಲು ಬೆಳಕು! ಇದನ್ನು ಕಂಡು ಮನಸ್ಸು ಸೋಲುವುದು ಸಹಜವೇ.

ಆದರೆ ಬೆಳಕು ಎಷ್ಟು ಎಂಬುದಕ್ಕಿಂತ ಎಲ್ಲಿಗೆ ಎಂಬುದೇ ಇಲ್ಲಿ ಮುಖ್ಯ. ನಿಮ್ನ ದರ್ಪಣದ ನಾಭಿಯಲ್ಲಿಟ್ಟ ದೀಪದ ಕಿರಣಗಳು ಪ್ರತಿಫಲನ ಹೊಂದಿ ಸಮಾಂತರವಾಗಿ ಹೊರಡುತ್ತವೆಯೆಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುವರಷ್ಟೆ. ಎಚ್-4 ಬಲ್ಬಿನಲ್ಲಿ ಎರಡು ತಂತಿಗಳಿವೆ. ಬ್ರೈಟ್‌ನ ತಂತಿಯು ನಾಭಿಯಲ್ಲಿಯೂ ಡಿಮ್‌ನ ತಂತಿಯು ಅದಕ್ಕಿಂತ ಸ್ವಲ್ಪ ಮುಂದಕ್ಕೂ ಇರುತ್ತವೆ. ಈ ಎರಡನೆಯದರ ಕೆಳಗೆ ಲೋಹದ ಚಿಕ್ಕ ದೊನ್ನೆಯೊಂದಿದೆ. ಅದು ಕೆಳಮುಖದ ಬೆಳಕನ್ನು ತಡೆಯುತ್ತದೆ. ಉಳಿದ ಬೆಳಕು ದರ್ಪಣದ ಮೇಲರ್ಧಕ್ಕೆ ಮಾತ್ರ ತಾಗಿ ರಸ್ತೆಯ ಕಡೆಗೆ ಇಳಿಯುತ್ತದೆ. ಬೆಳಕಿನ ಮೇಲಂಚು ಗೆರೆ ಕೊಯ್ದಂತೆ ಕಾಣುವುದಕ್ಕೆ ಇದೇ ಕಾರಣ. ಅಲ್ಲಿ ತಂತಿಯು ಒಂದು ಮಿಲಿಮೀಟರಿನಷ್ಟು ಕದಲಿದರೂ ಗೆರೆ ಕೆಡುತ್ತದೆ. ಹೀಗಿರುವಲ್ಲಿ, ನೇರವಾದ ತಂತಿಯನ್ನು ಉದ್ದೇಶಿಸಿ ಕಡೆದ ದರ್ಪಣದೊಳಗೆ ಬಾಗಿದ ಕಿಡಿಯನ್ನು ತಂದಿಟ್ಟರೆ ಏನಾಗಬೇಕು? ಬೆಳಕು ಹೆಚ್ಚುವುದೇನೋ ನಿಜ. ಆದರೆ ಗೆರೆಯ ಮೇಲಕ್ಕೂ ಚದರುತ್ತದೆ. ಚಾಲಕನಿಗೆ ತನ್ನ ಗಾಡಿಯ ಮುಂದಿನ ನೆಲವೂ ಮರದ ರೆಂಬೆಗಳೂ ಬೆಳ್ಳಗೆ ಹೊಳೆಯುವುದರಿಂದ ‘ದೀಪ ಬಹಳ ಚೆನ್ನಾಗಿದೆ’ ಎಂದು ತೋರುತ್ತದೆ. ದೂರದ ದಾರಿ ಮಾತ್ರ ಮೊದಲಿಗಿಂತ ವಿಶೇಷವಾಗಿ ಸುಧಾರಿಸಿರುವುದಿಲ್ಲ. ಪೆಟ್ಟಿಗೆಯಲ್ಲಿ ಬರುವ ಬಲ್ಬನ್ನು ಹಳೆಯ ದೀಪಕ್ಕೆ ಹಾಗೆಯೇ ಸಿಕ್ಕಿಸುವುದನ್ನು ನಾವು ಒಪ್ಪದಿರುವುದು ಈ ಕಾರಣಕ್ಕಾಗಿಯೇ.

ಹಾಗಾದರೆ ಸರಿಯಾದ ಕ್ರಮ ಯಾವುದು? ಕ್ಸೆನಾನಿಗಾಗಿಯೇ ರಚಿಸಿದ ದೀಪವನ್ನು ಇಡಿಯಾಗಿ ಬದಲಾಯಿಸುವುದು. ಪ್ರೊಜೆಕ್ಟರ್ ದೀಪದಲ್ಲಿ ದೀರ್ಘವೃತ್ತಾಕಾರದ ದರ್ಪಣವಿರುತ್ತದೆ. ಅದರ ಒಂದು ನಾಭಿಯಲ್ಲಿ ಕಿಡಿ, ಇನ್ನೊಂದರ ಬಳಿ ಲೋಹದ ಮರೆ, ಮುಂದೆ ಪೀನ ಮಸೂರ. ಮಸೂರವು ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಕೆಳಗಿನ ಮರೆಯೇ ರಸ್ತೆಯ ಮೇಲೆ ಬೆಳಕಿನ ಮೇಲಂಚಾಗಿ ಬೀಳುತ್ತದೆ. ಹ್ಯಾಲೊಜನಿಗಾಗಿ ಮಾಡಿದ ಪ್ರೊಜೆಕ್ಟರಿನಲ್ಲಿ ಕ್ಸೆನಾನ್ ಹಾಕಿದರೆ ಗೆರೆ ಉಳಿದರೂ ಬೆಳಕಿನ ಹಂಚಿಕೆ ಕೆಡುತ್ತದೆ. ಯಾವ ದೀಪ ಯಾವುದಕ್ಕೆಂದು ತಿಳಿಯಲು ಗಾಜಿನ ಮೇಲೆ ಅಚ್ಚಾಗಿರುವ ಅಕ್ಷರಗಳನ್ನು ನೋಡಬೇಕು. ಯುರೋಪಿನ ಅಂಗೀಕಾರ ಪಡೆದ ದೀಪಗಳಲ್ಲಿ ‘ಎಚ್.ಸಿ.’, ‘ಎಚ್.ಸಿ.ಆರ್.’ ಎಂದಿದ್ದರೆ ಹ್ಯಾಲೊಜನ್, ‘ಡಿ.ಸಿ.’, ‘ಡಿ.ಸಿ.ಆರ್.’ ಎಂದಿದ್ದರೆ ಕ್ಸೆನಾನ್. ರಜೆಯ ದಿನ ಮಕ್ಕಳು ಮನೆಯ ಕಾರಿನ ಗಾಜನ್ನು ಪರೀಕ್ಷಿಸಿ ನೋಡಲಿ. ಪರದೇಶದಿಂದ ಬಂದ ಹಳೆಯ ದೀಪಗಳನ್ನು ಕೊಳ್ಳುವವರು ಇನ್ನೊಂದು ಅಂಶವನ್ನು ಗಮನಿಸತಕ್ಕದ್ದು. ನಮ್ಮಲ್ಲಿ ಗಾಡಿಗಳು ಎಡಗಡೆ ಹೋಗುವುದರಿಂದ ಬೆಳಕಿನ ಗೆರೆಯು ಎಡಬದಿಯಲ್ಲಿ ಮೇಲೇರಿ ರಸ್ತೆಯಂಚನ್ನು ತೋರಿಸುತ್ತದೆ. ಬಲಗಡೆ ಹೋಗುವ ದೇಶಗಳ ದೀಪವು ಬಲಬದಿಯಲ್ಲಿ ಮೇಲೇರಿ, ನೇರವಾಗಿ ಎದುರಿನ ಚಾಲಕನ ಮುಖಕ್ಕೇ ಹೊಡೆಯುತ್ತದೆ.

ಯುರೋಪಿನ ನಿಯಮದ ಪ್ರಕಾರ 2000 ಲ್ಯೂಮೆನ್‌ಗೆ ಮೀರಿದ ಡಿಮ್ ದೀಪವಿದ್ದರೆ, ಹೊರೆಗೆ ತಕ್ಕಂತೆ ತಾನಾಗಿ ಬೆಳಕನ್ನು ತಗ್ಗಿಸುವ ಯಂತ್ರವೂ ಗಾಜನ್ನು ತೊಳೆಯುವ ಏರ್ಪಾಡೂ ಇರಬೇಕು. ಗಾಜಿನ ಮೇಲಿನ ಕೆಸರು ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆಯಲ್ಲವೆ? ಬಣ್ಣದ ಬಗೆಗೂ ಒಂದು ಮಾತು. 4300 ಕೆಲ್ವಿನ್ ಎಂದು ಬರೆದ ಬಲ್ಬು ಹೆಚ್ಚು ಬೆಳಕು ಕೊಡುತ್ತದೆ. 8000 ಕೆಲ್ವಿನ್ನಿನ ನೀಲಿ ಬಲ್ಬು ಕೊಡುವುದು ಶೋಕಿಯನ್ನು ಮಾತ್ರ. ಮಂಜಿನಲ್ಲಂತೂ ಬೆಳಕು ಹೆಚ್ಚಿದಷ್ಟೂ ಮುಂದೆ ಬಿಳಿಯ ಗೋಡೆ ದಪ್ಪವಾಗುತ್ತದೆ.

ನಮ್ಮ ದೇಶದ ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು, ತಯಾರಕರು ನಮೂದಿಸಿದ ಲಕ್ಷಣಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. 1989ರ ಕೇಂದ್ರ ನಿಯಮಗಳಂತೆ, ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಡಿಮ್ ಬೆಳಕು ಕುಕ್ಕಬಾರದು. ಆದುದರಿಂದ ಹಣ ಕೊಡುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಅದೇ ಮಾದರಿಯ ಕಾರಿಗೆ ತಯಾರಕರೇ ಒದಗಿಸಿದ ಕ್ಸೆನಾನ್ ದೀಪವಿದ್ದರೆ ಅದನ್ನೇ ಆರಿಸತಕ್ಕದ್ದು.

ಅದಕ್ಕೂ ಮೊದಲು, ಹಳೆಯ ದೀಪ ಮಂದವಾದದ್ದೇಕೆಂದು ನೋಡಬಾರದೇ? ಪ್ಲಾಸ್ಟಿಕ್ ‘ಗಾಜು’ ಬಿಸಿಲಿಗೆ ಹಳದಿಗಟ್ಟಿದ್ದರೆ ಉಜ್ಜಿ ನಯಗೊಳಿಸಬಹುದು. ತಂತಿಗಳ ಕೀಲು ಕಿಲುಬು ಹಿಡಿದಿದ್ದರೆ ಬಲ್ಬಿಗೆ ಬರುವ ವೋಲ್ಟೇಜು ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ವೋಲ್ಟೇಜು ಇಳಿದರೆ ಹ್ಯಾಲೊಜನ್ ಬೆಳಕು ಸುಮಾರು ಮೂರು ಪಾಲು ಇಳಿಯುತ್ತದೆಂಬುದು ಹಲವರಿಗೆ ಆಶ್ಚರ್ಯವಾದೀತು. ಕಡಲ ಗಾಳಿಯ ನಮ್ಮೂರಿನಲ್ಲಿ ಈ ಕಿಲುಬು ಅಪರೂಪವಲ್ಲ. ಅನೇಕ ಕಾರುಗಳಿಗೆ ಈ ಚಿಕಿತ್ಸೆಯೇ ಸಾಕೆಂದು ನಮ್ಮ ಅಭಿಪ್ರಾಯ.

ಇಷ್ಟಾದ ಮೇಲೂ ಕ್ಸೆನಾನ್ ದೀಪವನ್ನು ಅಳವಡಿಸುವುದಾದರೆ ಅನುಭವವುಳ್ಳ ಎಲೆಕ್ಟ್ರಿಷಿಯನ್ನನಿಂದ ಮಾಡಿಸಬೇಕು; ಪಾಲಕರು ಪಕ್ಕದಲ್ಲಿ ನಿಂತು ನೋಡಬೇಕು; ಮಕ್ಕಳು ದೂರವಿರಬೇಕು. ಬ್ಯಾಲಸ್ಟು ಎಂಬ ಪೆಟ್ಟಿಗೆಯು ದೀಪ ಹೊತ್ತಿಸುವ ಕ್ಷಣದಲ್ಲಿ 12 ವೋಲ್ಟುಗಳನ್ನು ಇಪ್ಪತ್ತು ಸಾವಿರಕ್ಕೂ ಮೇಲಕ್ಕೆ ಏರಿಸುತ್ತದೆ. ಇದು ಪ್ರಾಣಕ್ಕೆ ಅಪಾಯಕರ. ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಬಲ್ಬು ಆರುವವರೆಗೆ ಕಾಯಬೇಕು. ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಒಡೆಯಬಹುದು. ಹೊತ್ತುವಾಗ ಬೇಕಾಗುವ ವಿದ್ಯುತ್ ಪ್ರವಾಹ ಹೆಚ್ಚಾದುದರಿಂದ ಬ್ಯಾಟರಿಯಿಂದಲೇ ಪ್ರತ್ಯೇಕ ದಪ್ಪ ತಂತಿಯನ್ನು ಎಳೆದು, ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಹಾಕಿ, ಹಳೆಯ ತಂತಿಯಿಂದ ರಿಲೇಯನ್ನು ಮಾತ್ರ ನಡೆಸಬೇಕು. ಬ್ಯಾಲಸ್ಟನ್ನು ನೀರು ತಾಗದ, ಎಂಜಿನ್ನಿನ ಕಾವು ತಟ್ಟದ ಸ್ಥಳದಲ್ಲಿ ಬಿಗಿಯಾಗಿ ಕೂರಿಸಬೇಕು. ಅಧಿಕ ವೋಲ್ಟೇಜಿನ ತಂತಿಯನ್ನು ಕತ್ತರಿಸಿ ಉದ್ದಮಾಡುವುದು ಸರ್ವಥಾ ಕೂಡದು. ಕೆಲವು ಬಲ್ಬುಗಳಲ್ಲಿ ಪಾದರಸವಿರುವುದರಿಂದ ಒಡೆದುದನ್ನು ಕಸದ ರಾಶಿಗೆ ಎಸೆಯಬಾರದು.

ಕೊನೆಯದು ಗೋಡೆಯ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ, ಚಕ್ರಗಳ ಗಾಳಿ ಸರಿಯಿರುವಾಗ, ಚಾಲಕನ ಆಸನದಲ್ಲಿ ಒಬ್ಬರನ್ನು ಕೂರಿಸಿ, ಕಾರನ್ನು ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಬೇಕು. ದೀಪದ ನಡುವಿನ ಎತ್ತರವನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತಿಸಿ, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ ಎಳೆಯಬೇಕು. ಡಿಮ್‌ನ ಮೇಲಂಚು ಈ ಕೆಳಗೆರೆಯ ಮೇಲೆ ಬೀಳಬೇಕು. ಎತ್ತರದ ಜೀಪಾದರೆ ಇನ್ನೂ ಸ್ವಲ್ಪ ತಗ್ಗಬೇಕು. ದೀಪವು ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಅಂಥ ಬೆಳಕು 70 ಮೀಟರ್ ದೂರದಲ್ಲಿ ನೆಲವನ್ನು ಮುಟ್ಟುತ್ತದೆಂದು ಸಮರೂಪ ತ್ರಿಭುಜಗಳಿಂದ ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು. ಅದೇ ಬೆಳಕು ಅಷ್ಟೇ ಪ್ರಮಾಣದಲ್ಲಿ ಮೇಲಕ್ಕೆ ತಿರುಗಿದ್ದರೆ 50 ಮೀಟರ್ ದೂರದಲ್ಲಿ 120 ಸೆಂಟಿಮೀಟರ್ ಎತ್ತರಕ್ಕೆ ಏರಿರುತ್ತದೆ. ಚಿಕ್ಕ ಕಾರಿನ ಚಾಲಕನ ಕಣ್ಣೂ ಪ್ರಾಥಮಿಕ ಶಾಲೆಯ ಹುಡುಗನ ಕಣ್ಣೂ ಹೆಚ್ಚುಕಡಿಮೆ ಆ ಎತ್ತರದಲ್ಲಿಯೇ ಇರುತ್ತವೆ. ಮದುವೆಗೆ ಹೊರಟ ಕಾರಿನ ಹಿಂದಿನ ಆಸನದಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಮೂತಿ ಮೇಲಕ್ಕೇಳುವುದು. ಹೊರೆಗೆ ತಕ್ಕಂತೆ ದೀಪವನ್ನು ತಗ್ಗಿಸಲು ಅನೇಕ ಹ್ಯಾಲೊಜನ್ ಕಾರುಗಳಲ್ಲಿ ಸ್ಟಿಯರಿಂಗಿನ ಬಳಿ ಸೊನ್ನೆಯಿಂದ ಮೂರರವರೆಗೆ ಅಂಕಿಗಳಿರುವ ಒಂದು ಚಿಕ್ಕ ತಿರುಗಣೆಯಿದೆ. ಹೊರಡುವ ಮುನ್ನ ಅದನ್ನು ತಿರುಗಿಸುವ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಬಹುದು.