ರಟ್ಲೆಂಡು ಸೀಮೆ: ಒಂದು ಚಿಕ್ಕ ನಾಡಿನ ಪಾಠ

ದೊಡ್ಡ ಪಟ್ಟಣಗಳ ಮತ್ತು ದೊಡ್ಡ ರಾಜ್ಯಗಳ ಚರಿತ್ರೆಯನ್ನು ಬರೆದವರು ಅನೇಕರಿದ್ದಾರೆ. ಹಳ್ಳಿಗಳೇ ತುಂಬಿರುವ ಒಂದು ಚಿಕ್ಕ ಸೀಮೆಯ ಚರಿತ್ರೆಯನ್ನು ಓದಬೇಕೆಂದು ಅಪೇಕ್ಷಿಸುವವರು ಕೆಲವರೇ. ಆದರೆ ನಮ್ಮಲ್ಲಿ ಹೆಚ್ಚಿನವರು ಹಳ್ಳಿಯಲ್ಲಿ ಹುಟ್ಟಿ, ಹೊಲ ಉತ್ತು, ಹಳ್ಳಿಯಲ್ಲಿಯೇ ಬಾಳುವವರಾದದರಿಂದ, ಅಂಥ ಸೀಮೆಯ ವಿಷಯವು ನಮಗೆ ಹತ್ತಿರವಾದದ್ದಾಗಿರುವದು. ಈ ತಿಂಗಳ ಪಾಠಕ್ಕೆ ಇಂಗ್ಲೆಂಡು ದೇಶದ ರಟ್ಲೆಂಡು ಎಂಬ ಸೀಮೆಯನ್ನು ಆರಿಸಿಕೊಂಡಿದ್ದೇವೆ.

1. ಸೀಮೆಯ ಇರವು ಮತ್ತು ವಿಸ್ತಾರ

ಇಂಗ್ಲೆಂಡು ದೇಶವು ಪೂರ್ವಕಾಲದಿಂದ ಕೌಂಟಿಗಳೆಂಬ ವಿಭಾಗಗಳಾಗಿ ಹಂಚಲ್ಪಟ್ಟಿರುವದು. ಇವು ನಮ್ಮ ಜಿಲ್ಲೆಗಳಂತೆ ಎಂದು ತಿಳಿಯಬಹುದು. ಪುರಾತನ ಕೌಂಟಿಗಳಲ್ಲೆಲ್ಲಾ ಅತಿ ಚಿಕ್ಕದೇ ರಟ್ಲೆಂಡು. ಅದು ಲಂಡನ್ ಪಟ್ಟಣದಿಂದ ಉತ್ತರಕ್ಕೆ ಸುಮಾರು 100 ಮೈಲು ದೂರದಲ್ಲಿ, ದೇಶದ ನಡುಭಾಗದಲ್ಲಿ ಇರುವದು. ಪಶ್ಚಿಮಕ್ಕೂ ಉತ್ತರಕ್ಕೂ ಲೆಸ್ಟರ್ ಸೀಮೆ, ಈಶಾನ್ಯಕ್ಕೆ ಲಿಂಕನ್ ಸೀಮೆ, ಆಗ್ನೇಯಕ್ಕೆ ನಾರ್ಥಾಂಪ್ಟನ್ ಸೀಮೆ ಇವೆ. ಅದರ ಹೆಚ್ಚಿನ ಉದ್ದವು 18 ಮೈಲು, ಹೆಚ್ಚಿನ ಅಗಲವು 17 ಮೈಲು. ಗಟ್ಟಿಯಾಗಿ ನಡೆಯುವವನು ಮುಂಜಾನೆ ಒಂದು ಗಡಿಯಿಂದ ಹೊರಟರೆ ಸಂಜೆಯೊಳಗೆ ಇನ್ನೊಂದು ಗಡಿಯನ್ನು ಮುಟ್ಟಬಹುದು. ಒಟ್ಟು ವಿಸ್ತಾರವು ಸುಮಾರು 382 ಚದರ ಕಿಲೋಮೀಟರ್. ನಮ್ಮ ಚಿಕ್ಕ ಜಿಲ್ಲೆಯಾದ ಕೊಡಗು 4,102 ಚದರ ಕಿಲೋಮೀಟರ್ ಆಗಿರುವದರಿಂದ, ಕೊಡಗಿನೊಳಗೆ ಹತ್ತು ರಟ್ಲೆಂಡುಗಳನ್ನು ಇಟ್ಟರೂ ಇನ್ನೂ ಸ್ಥಳ ಉಳಿಯುವದು. 2021ರ ಜನಗಣತಿಯಲ್ಲಿ ಅಲ್ಲಿನ ನಿವಾಸಿಗಳು ಸುಮಾರು 41,000 ಮಂದಿ ಮಾತ್ರ.

ಈ ಸೀಮೆಯ ಧ್ಯೇಯವಾಕ್ಯವು ಲ್ಯಾಟಿನ್ ಭಾಷೆಯಲ್ಲಿರುವದು. ಸ್ವಲ್ಪದರಲ್ಲಿ ಬಹಳವುಂಟು ಎಂಬದೇ ಅದರ ಅರ್ಥ. ಇದು ಬರಿಯ ಹೊಗಳಿಕೆಯೋ ನಿಜವೋ ಎಂಬದನ್ನು ಪಾಠದ ಕೊನೆಯಲ್ಲಿ ವಾಚಕರೇ ತೀರ್ಮಾನಿಸಲಿ.

2. ನೆಲ, ನೀರು, ಕಸುಬು

ರಟ್ಲೆಂಡು ಎತ್ತರವಾದ ಬೆಟ್ಟಗಳಿಲ್ಲದ, ಏರಿಳಿತಗಳುಳ್ಳ ನಾಡು. ಅತಿ ಎತ್ತರವಾದ ಸ್ಥಳವೂ ಸಮುದ್ರ ಮಟ್ಟದಿಂದ 200 ಮೀಟರಿಗಿಂತ ಕಡಿಮೆಯೇ. ಗ್ವಾಶ್, ಚೇಟರ್ ಎಂಬ ಸಣ್ಣ ಹೊಳೆಗಳು ಪಶ್ಚಿಮದಿಂದ ಪೂರ್ವಕ್ಕೆ ಹರಿದು ವೆಲೆಂಡ್ ನದಿಯನ್ನು ಸೇರುತ್ತವೆ. ವೆಲೆಂಡ್ ನದಿಯೇ ದಕ್ಷಿಣದ ಗಡಿ. ಪಶ್ಚಿಮದಲ್ಲಿ ಜೇಡಿಮಣ್ಣಿನ ಹುಲ್ಲುಗಾವಲುಗಳು ಹೆಚ್ಚು. ಅಲ್ಲಿ ಕುರಿ ದನಗಳನ್ನು ಮೇಯಿಸುತ್ತಾರೆ. ಪೂರ್ವದಲ್ಲಿ ಸುಣ್ಣಕಲ್ಲಿನ ನೆಲವಿರುವದರಿಂದ ಗೋದಿಯನ್ನೂ ಬಾರ್ಲಿಯನ್ನೂ ಬೆಳೆಯುತ್ತಾರೆ. ಕೆಟ್ಟನ್ ಮತ್ತು ಕ್ಲಿಪ್ಸಮ್ ಎಂಬ ಹಳ್ಳಿಗಳ ಕಟ್ಟಡದ ಕಲ್ಲು ಹೆಸರುವಾಸಿಯಾದದ್ದು. ಕೇಂಬ್ರಿಜ್ ವಿದ್ಯಾಪೀಠದ ಹಲವು ಕಟ್ಟಡಗಳು ಕೆಟ್ಟನ್ ಕಲ್ಲಿನಿಂದ ಕಟ್ಟಲ್ಪಟ್ಟವು. ಲಂಡನಿನ ಪಾರ್ಲಿಮೆಂಟು ಭವನದ ದುರಸ್ತಿಗೆ ಕ್ಲಿಪ್ಸಮ್ ಕಲ್ಲು ಹೋಯಿತು.

ಪಟ್ಟಣಗಳು ಎರಡೇ: ಮುಖ್ಯ ಸ್ಥಳವಾದ ಓಕಮ್, ಮತ್ತು ದಕ್ಷಿಣದಲ್ಲಿ ಅಪ್ಪಿಂಗಮ್. ಉಳಿದವೆಲ್ಲಾ ಹಳ್ಳಿಗಳು.

3. ಹಳೆಯ ಚರಿತ್ರೆ

ಕೆಟ್ಟನಿನ ಬಳಿಯ ಒಂದು ಹೊಲದಲ್ಲಿ 2020ರಲ್ಲಿ ರೋಮನರ ಕಾಲದ ಒಂದು ಮನೆಯ ನೆಲಗಟ್ಟು ಕಾಣಬಂತು. ಬಣ್ಣದ ಸಣ್ಣ ಕಲ್ಲುಗಳನ್ನು ಜೋಡಿಸಿ, ಗ್ರೀಕರ ಕಥೆಯ ವೀರರಾದ ಅಕಿಲಿಸ್ ಮತ್ತು ಹೆಕ್ಟರ್ ಎಂಬವರ ಯುದ್ಧವನ್ನು ಅದರಲ್ಲಿ ಚಿತ್ರಿಸಿದ್ದಾರೆ. ರೋಮನರು ಹೋದ ಬಳಿಕ ಬಂದ ಆಂಗ್ಲ ಅರಸರ ಕಾಲದಲ್ಲಿ ಈ ಸೀಮೆಯ ಭೂಮಿಯು ರಾಣಿಯರ ಜೀವನಾಂಶಕ್ಕೆ ಬಿಡಲ್ಪಟ್ಟಿತ್ತು. ಎಡ್ವರ್ಡ್ ಎಂಬ ಅರಸನ ಪತ್ನಿಯಾದ ಈಡಿತ್ ರಾಣಿಯ ಹೆಸರು ಈಡಿತ್ ವೆಸ್ಟನ್ ಎಂಬ ಹಳ್ಳಿಯಲ್ಲಿ ಇಂದಿಗೂ ಉಳಿದಿರುವದು. 12ನೆಯ ಶತಮಾನದಲ್ಲಿ ರಟ್ಲೆಂಡು ಪ್ರತ್ಯೇಕ ಕೌಂಟಿಯಾಗಿ ದಾಖಲೆಗಳಲ್ಲಿ ಕಾಣಿಸಿಕೊಳ್ಳುವದು.

ಅದೇ ಶತಮಾನದ ಕೊನೆಯ ಭಾಗದಲ್ಲಿ ವಾಕಲಿನ್ ದ ಫೆರರ್ಸ್ ಎಂಬ ಸರದಾರನು ಓಕಮಿನಲ್ಲಿ ಕಟ್ಟಿಸಿದ ಕಲ್ಲಿನ ಸಭಾಮಂದಿರವು ಇನ್ನೂ ನಿಂತಿರುವದು. ಈ ಊರಿಗೆ ಮೊದಲ ಸಾರಿ ಬರುವ ರಾಜವಂಶದವನಾಗಲಿ ಸರದಾರನಾಗಲಿ ಒಂದು ಕುದುರೆ ಲಾಳವನ್ನು ಒಪ್ಪಿಸಬೇಕೆಂಬದು ಅಲ್ಲಿನ ವಾಡಿಕೆ. ಹಾಗೆ ಬಂದ 200ಕ್ಕಿಂತ ಹೆಚ್ಚು ಲಾಳಗಳು ಗೋಡೆಗಳ ಮೇಲೆ ತೂಗುತ್ತವೆ. ಲೋಕದಲ್ಲಿ ಬಡ ಊರು ದೊಡ್ಡವರಿಗೆ ಕಾಣಿಕೆ ಕೊಡುವದು ವಾಡಿಕೆಯಾಗಿರಲು, ಇಲ್ಲಿ ದೊಡ್ಡವರೇ ಚಿಕ್ಕ ಊರಿಗೆ ಕಾಣಿಕೆ ಕೊಡಬೇಕಾಯಿತು!

4. ಪ್ರಸಿದ್ಧ ಜನರು

ರಾಬರ್ಟ್ ಜಾನ್ಸನ್ ಎಂಬ ಸಭಾಪಾಲಕನು 1584ರಲ್ಲಿ ಓಕಮಿನಲ್ಲಿಯೂ ಅಪ್ಪಿಂಗಮಿನಲ್ಲಿಯೂ ಒಂದೊಂದು ಪಾಠಶಾಲೆಯನ್ನು ಸ್ಥಾಪಿಸಿದನು. ಅಪ್ಪಿಂಗಮಿನ ಶಾಲೆಗೆ 1853ರಿಂದ 1887ರ ವರೆಗೆ ಎಡ್ವರ್ಡ್ ಥ್ರಿಂಗ್ ಎಂಬವನು ಮುಖ್ಯೋಪಾಧ್ಯಾಯನಾಗಿದ್ದನು. 1875ರಲ್ಲಿ ಆ ಊರಿನಲ್ಲಿ ವಿಷಮಶೀತ ಜ್ವರವು ಹಬ್ಬಿ ಶಾಲೆಯ ಹುಡುಗರು ಸತ್ತರು. ಕೆಟ್ಟ ಚರಂಡಿಗಳೂ ಹೊಲಸಾದ ಬಾವಿಗಳೂ ಇದಕ್ಕೆ ಕಾರಣವಾಗಿದ್ದವು. ಊರಿನ ಅಧಿಕಾರಿಗಳು ತಡಮಾಡಲು, ಥ್ರಿಂಗನು 1876ರಲ್ಲಿ ಸುಮಾರು 300 ಹುಡುಗರನ್ನೂ ಉಪಾಧ್ಯಾಯರನ್ನೂ ಕರಕೊಂಡು, ವೇಲ್ಸ್ ನಾಡಿನ ಸಮುದ್ರ ತೀರದ ಬೋರ್ತ್ ಎಂಬ ಊರಿಗೆ ಹೋಗಿ ಅಲ್ಲಿಯೇ ಶಾಲೆಯನ್ನು ನಡಿಸಿದನು. ಒಂದು ವರುಷ ಕಳೆದು ಊರಿನ ನೀರೂ ಚರಂಡಿಯೂ ಸುಧಾರಿಸಿದ ಮೇಲೆ, 1877ರಲ್ಲಿ ಶಾಲೆ ಹಿಂದಿರುಗಿತು. ಕುಡಿಯುವ ನೀರಿನ ಬಾವಿಯ ಪಕ್ಕದಲ್ಲಿ ಕೊಚ್ಚೆಯನ್ನು ನಿಲ್ಲಗೊಡುವ ಯಾವ ಊರಿನವರಾದರೂ ಈ ಸಂಗತಿಯನ್ನು ಯೋಚಿಸಲಿ.

ಇನ್ನೊಬ್ಬನ ವಿಷಯವು ನಮಗೆ ಹೆಚ್ಚು ಸಮೀಪವಾದದ್ದು. ಸುಮಾರು 1550ರಲ್ಲಿ ಈ ಸೀಮೆಯ ಟೋಲ್‌ತಾರ್ಪ್ ಎಂಬ ಮನೆಯಲ್ಲಿ ರಾಬರ್ಟ್ ಬ್ರೌನ್ ಹುಟ್ಟಿದನು. ಸಭೆಯೆಂದರೆ ಅರಸನ ಅಪ್ಪಣೆಯಿಂದ ಕೂಡಿದ ದೇಶದ ಜನರೆಲ್ಲರೂ ಅಲ್ಲ. ನಂಬಿ ಒಡಂಬಟ್ಟು ಕೂಡಿಬಂದವರ ಗುಂಪೇ ಸಭೆಯೆಂದು ಅವನು ಬೋಧಿಸಿದನು. ಇದರ ನಿಮಿತ್ತ ಅವನು ಅನೇಕ ಸಾರಿ ಸೆರೆಬಿದ್ದು, ತನ್ನವರೊಡನೆ ಹಾಲೆಂಡಿನ ಮಿಡ್ಡಲ್‌ಬರ್ಗ್ ಪಟ್ಟಣಕ್ಕೆ ಓಡಿಹೋಗಬೇಕಾಯಿತು. 1583ರಲ್ಲಿ ಅವನ ಪುಸ್ತಕಗಳನ್ನು ಹಂಚಿದ ಇಬ್ಬರನ್ನು ಇಂಗ್ಲೆಂಡಿನಲ್ಲಿ ಗಲ್ಲಿಗೇರಿಸಿದರು. ಬ್ರೌನನಾದರೋ 1585ರಲ್ಲಿ ದೇಶಸಭೆಗೆ ಅಧೀನನಾಗಿ, ಮುಂದೆ ಅದರಲ್ಲಿಯೇ ಸಭಾಪಾಲಕನಾಗಿ, 1633ರಲ್ಲಿ ನಾರ್ಥಾಂಪ್ಟನ್ ಸೆರೆಮನೆಯಲ್ಲಿ ತೀರಿಕೊಂಡನು. ಬೋಧಿಸಿದವನು ಹಿಂಜರಿದರೂ ಬೋಧನೆಯು ನಿಲ್ಲಲಿಲ್ಲ. ಅದರಿಂದ ಬೆಳೆದ ಕಾಂಗ್ರಿಗೇಷನಲ್ ಸಭೆಗಳವರು 1795ರಲ್ಲಿ ಸ್ಥಾಪಿತವಾದ ಲಂಡನ್ ಮಿಷನಿಗೆ ಮುಖ್ಯ ಆಧಾರವಾದರು. ಆ ಮಿಷನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಸತ್ಯವೇದವನ್ನು ಕನ್ನಡಕ್ಕೆ ತಿರುಗಿಸುವ ಕೆಲಸವನ್ನು ಕೈಕೊಂಡನು. ಹೀಗೆ ನಾವು ಕಂಡರಿಯದ ಒಂದು ಹಳ್ಳಿಯ ಸೀಮೆಯಿಂದ ಹೊರಟ ಎಳೆಯು ಕನ್ನಡ ನಾಡಿನ ವರೆಗೂ ಬಂದಿರುವದು.

5. ನೀರಿನಡಿಯಲ್ಲಿ ಹೋದ ಕಣಿವೆ

ಸುತ್ತಲಿನ ಪಟ್ಟಣಗಳು ಬೆಳೆದು ಕುಡಿಯುವ ನೀರು ಸಾಲದೆ ಹೋದದ್ದರಿಂದ, ಗ್ವಾಶ್ ಹೊಳೆಗೆ ಎಂಪಿಂಗಮ್ ಹಳ್ಳಿಯ ಬಳಿಯಲ್ಲಿ ಅಣೆಕಟ್ಟು ಹಾಕಲು 1970ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು. ಸೀಮೆಯವರು ಬಲವಾಗಿ ವಿರೋಧಿಸಿದರೂ ಕೆಲಸವು ನಡೆಯಿತು. 1970ರ ದಶಕದ ಮಧ್ಯದಲ್ಲಿ ನೀರು ತುಂಬಲು, ಸುಮಾರು 3,000 ಎಕರೆ ಒಳ್ಳೆಯ ನೆಲವು ಮುಳುಗಿತು. ಗ್ವಾಶ್ ಹೊಳೆ ಚಿಕ್ಕದಾದದರಿಂದ, ಹೆಚ್ಚಿನ ನೀರನ್ನು ವೆಲೆಂಡ್ ಮತ್ತು ನೆನ್ ನದಿಗಳಿಂದ ಯಂತ್ರಗಳ ಮೂಲಕ ಎತ್ತಿ ತುಂಬಿಸುತ್ತಾರೆ. ಕೆಳಗಿನ ಹ್ಯಾಂಬಲ್ಟನ್ ಮತ್ತು ನಡುವಣ ಹ್ಯಾಂಬಲ್ಟನ್ ಎಂಬ ಜನವಸತಿಗಳು ಇಲ್ಲದೆ ಹೋದವು. ಗುಡ್ಡದ ಮೇಲಿದ್ದ ಮೇಲಿನ ಹ್ಯಾಂಬಲ್ಟನ್ ಮಾತ್ರ, ಮೂರು ಕಡೆಯಲ್ಲೂ ನೀರು ಆವರಿಸಿ, ಉಳಿದಿರುವದು.

ನಾರ್ಮಂಟನ್ ಎಂಬ ಸ್ಥಳದ ದೇವಾಲಯವು ದಡದ ಅಂಚಿನಲ್ಲಿತ್ತು. 1970ರಲ್ಲಿ ಅಲ್ಲಿ ಆರಾಧನೆಯನ್ನು ನಿಲ್ಲಿಸಿ, ಕಟ್ಟಡವನ್ನು ಕೆಡವಬೇಕೆಂದಿದ್ದರು. ಊರವರು ಸುಮ್ಮನಿರಲಿಲ್ಲ. ಅವರ ಪ್ರಯತ್ನದಿಂದ ಕಟ್ಟಡದ ಕೆಳಭಾಗಕ್ಕೆ ಕಲ್ಲು ತುಂಬಿ, ಕಿಟಕಿಗಳ ಮಟ್ಟಕ್ಕೆ ಹೊಸ ನೆಲವನ್ನು ಹಾಕಿ, ಸುತ್ತಲೂ ಒಡ್ಡು ಕಟ್ಟಿದರು. ಈಗ ಅದು ಅರ್ಧ ಹೂತು ನೀರಿನ ನಡುವೆ ನಿಂತಿರುವದು. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಹೇಮಾವತಿಯ ಹಿನ್ನೀರಿನೊಳಗೆ ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಮೇಲೇಳುವ ರೋಮನ್ ಕಥೋಲಿಕರ ಹಳೆಯ ದೇವಾಲಯವನ್ನು ನೋಡಿದವರಿಗೆ ಇದರ ಭಾವವು ತಾನಾಗಿಯೇ ತಿಳಿಯುವದು. ಪಟ್ಟಣದ ನಲ್ಲಿಯಲ್ಲಿ ಬರುವ ನೀರು ಯಾರೋ ಒಬ್ಬನ ಹೊಲದ ಮೇಲೆ ನಿಂತಿದ್ದ ನೀರೆಂಬದನ್ನು ಕುಡಿಯುವವನು ಮರೆಯಬಾರದು.

ಆದರೆ ನಷ್ಟದೊಂದಿಗೆ ಲಾಭವೂ ಉಂಟಾಯಿತು. ಜಲಾಶಯದ ಪಶ್ಚಿಮದ ಅಂಚು ಸಾವಿರಾರು ನೀರುಹಕ್ಕಿಗಳಿಗೆ ಆಶ್ರಯವಾಯಿತು. ಇಂಗ್ಲೆಂಡಿನಿಂದ ಅಳಿದುಹೋಗಿದ್ದ ಮೀನುಡೇಗೆಯ ಮರಿಗಳನ್ನು 1996ರಿಂದ ಸ್ಕಾಟ್ಲೆಂಡಿನಿಂದ ತಂದು ಬಿಡಲು, 2001ರಲ್ಲಿ ಅವು ಇಲ್ಲಿ ಮರಿಮಾಡಿದವು. 2021ರಲ್ಲಿ ಒಂದು ಕೊಳದ ನೀರನ್ನು ಇಳಿಸಿದಾಗ, ಸುಮಾರು 18 ಕೋಟಿ ವರುಷಗಳ ಹಿಂದೆ ಸಮುದ್ರದಲ್ಲಿ ಜೀವಿಸಿದ ಒಂದು ಪ್ರಾಣಿಯ 10 ಮೀಟರ್ ಉದ್ದದ ಎಲುಬಿನ ಹಂದರವು ಕೆಸರಿನೊಳಗೆ ಸಿಕ್ಕಿತು.

6. ಹೆಸರಿಗಾಗಿ ಹೋರಾಟ

ಇಷ್ಟು ಚಿಕ್ಕ ಸೀಮೆಗೆ ಪ್ರತ್ಯೇಕ ಆಡಳಿತವು ಏತಕ್ಕೆ ಎಂಬ ಪ್ರಶ್ನೆಯನ್ನು ಸರಕಾರದವರು ಎತ್ತುತ್ತಲೇ ಬಂದರು. ಸೀಮೆಯವರ ವಿರೋಧದಿಂದ 1963ರಲ್ಲಿ ಅದು ಒಂದು ಸಾರಿ ಉಳಿಯಿತು. ಆದರೆ 1974ನೇ ಏಪ್ರಿಲ್ 1ರಂದು ರಟ್ಲೆಂಡನ್ನು ಲೆಸ್ಟರ್ ಸೀಮೆಯೊಳಗೆ ಸೇರಿಸಿಬಿಟ್ಟರು. ಕಟ್ಟುವಾಗ ಎಂಪಿಂಗಮ್ ಜಲಾಶಯವೆನ್ನಿಸಿಕೊಂಡದ್ದಕ್ಕೆ ರಟ್ಲೆಂಡ್ ವಾಟರ್ ಎಂಬ ಹೆಸರು ನಿಂತಿತು. ಕೌಂಟಿಗಳ ಪಟ್ಟಿಯಿಂದ ಅಳಿದ ಹೆಸರನ್ನು ನೀರು ಹೊತ್ತುಕೊಂಡಿತು. ಜನರು ಮಾತ್ರ ಸುಮ್ಮನಾಗಲಿಲ್ಲ. 23 ವರುಷಗಳ ಬಳಿಕ, 1997ನೇ ಏಪ್ರಿಲ್ 1ರಂದು, ರಟ್ಲೆಂಡಿಗೆ ತನ್ನ ಹೆಸರೂ ತನ್ನ ಆಡಳಿತವೂ ತಿರಿಗಿ ದೊರಕಿದವು. ಆದರೂ ಕಥೆ ಮುಗಿಯಲಿಲ್ಲ. 2024ರ ಡಿಸೆಂಬರಿನಲ್ಲಿ ಸರಕಾರವು ಚಿಕ್ಕ ಆಡಳಿತಗಳನ್ನು ಒಂದುಗೂಡಿಸುವ ಯೋಜನೆಯನ್ನು ಪ್ರಕಟಿಸಿದ್ದರಿಂದ, ಹಳೆಯ ಪ್ರಶ್ನೆಯು ಪುನಃ ಎದ್ದಿತು.

ದೊಡ್ಡ ಆಡಳಿತದಿಂದ ವೆಚ್ಚವು ಕಡಿಮೆಯಾಗುವದೆಂಬ ವಾದವು ಹುರುಳಿಲ್ಲದ್ದಲ್ಲ. ಆದರೆ ತನ್ನ ರಸ್ತೆ, ಶಾಲೆ, ನೀರುಗಳ ವಿಷಯವನ್ನು ಹತ್ತಿರದಲ್ಲಿದ್ದು ಬಲ್ಲವರೇ ನೋಡಿಕೊಳ್ಳಲೆಂದು ಹಳ್ಳಿಯವನು ಕೇಳುವದೂ ನ್ಯಾಯವೇ. ಇವೆರಡರ ನಡುವೆ ತೂಗಿನೋಡುವದೇ ವಿವೇಕ.

ಪ್ರಿಯರೇ, ರಟ್ಲೆಂಡಿನವರು ತಮ್ಮ ಸೀಮೆಯನ್ನು ತಿರಿಗಿ ಪಡೆದದ್ದಕ್ಕೆ ಒಂದು ಕಾರಣವು ಅವರು ಅದರ ಚರಿತ್ರೆಯನ್ನು ತಿಳಿದಿದ್ದದ್ದೇ. ನಮ್ಮ ಊರಿನ ಕೆರೆಯನ್ನು ಕಟ್ಟಿಸಿದವರು ಯಾರು? ಮೊದಲ ಶಾಲೆ ಯಾವ ವರುಷ ತೆರೆಯಿತು? ಹೊಲಗಳ ಹೆಸರುಗಳು ಹೇಗೆ ಬಂದವು? ಇವುಗಳನ್ನು ಬಲ್ಲ ಮುದುಕರು ಇನ್ನೂ ನಮ್ಮ ಮಧ್ಯದಲ್ಲಿರುವಾಗಲೇ, ಓದು ಬರಹ ಬಲ್ಲ ಯೌವನಸ್ಥರು ಅವರ ಬಳಿಯಲ್ಲಿ ಕೂತು ಕೇಳಿ ಬರೆದಿಡಲಿ.

ಅಭ್ಯಾಸದ ಪ್ರಶ್ನೆಗಳು

1. ರಟ್ಲೆಂಡಿನ ನಾಲ್ಕು ಕಡೆಯ ಗಡಿಗಳನ್ನು ಹೇಳಿರಿ.
2. ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಬೇಸಾಯವು ಬೇರೆಯಾಗಿರುವದಕ್ಕೆ ಕಾರಣವೇನು?
3. ಥ್ರಿಂಗನು ಶಾಲೆಯನ್ನು ಬೋರ್ತಿಗೆ ಸಾಗಿಸಿದ್ದೇಕೆ? ನಿಮ್ಮ ಊರಿನ ಬಾವಿಗಳ ಸ್ಥಿತಿ ಹೇಗಿದೆ?
4. ರಾಬರ್ಟ್ ಬ್ರೌನನ ಬೋಧನೆಗೂ ಬಳ್ಳಾರಿಯ ಮಿಷನಿಗೂ ಇರುವ ಸಂಬಂಧವನ್ನು ವಿವರಿಸಿರಿ.
5. ಜಲಾಶಯದಿಂದ ಸೀಮೆಗಾದ ನಷ್ಟವನ್ನೂ ಲಾಭವನ್ನೂ ತೂಗಿ, ನಿಮ್ಮ ಅಭಿಪ್ರಾಯವನ್ನು ಕಾರಣಸಹಿತವಾಗಿ ಹೇಳಿರಿ.