ದುಡಿದವರಿಗೂ ಲಾಭದಲ್ಲಿ ಪಾಲು: ಯೂಯಿಂಗ್ ಕಾಫ್‌ಮನ್ ಉದ್ಯಮಪಾಠ

ಮಾರಾಟ ಪ್ರತಿನಿಧಿಯ ಗಳಿಕೆ ಅಧ್ಯಕ್ಷರ ಸಂಬಳವನ್ನೇ ಮೀರಿದರೆ ಸಂಸ್ಥೆಯು ಏನು ಮಾಡಬೇಕು? ಅಮೆರಿಕದ ಕಾನ್ಸಾಸ್ ಸಿಟಿಯ ಔಷಧಿ ಮಾರಾಟಗಾರ ಯೂಯಿಂಗ್ ಕಾಫ್‌ಮನ್ (1916-1993) ಅವರ ವಿಷಯದಲ್ಲಿ ಹೀಗಾದಾಗ, ಸಂಸ್ಥೆಯು ಅವರ ಕಮಿಷನ್ನನ್ನೂ ಮಾರಾಟ ಕ್ಷೇತ್ರವನ್ನೂ ಮೊಟಕುಗೊಳಿಸಿತು. ಅವರು ಕೆಲಸ ಬಿಟ್ಟು, 1950ರಲ್ಲಿ 5,000 ಡಾಲರ್ ಬಂಡವಾಳದಿಂದ ಮನೆಯ ನೆಲಮಾಳಿಗೆಯಲ್ಲಿ ಮೇರಿಯನ್ ಲ್ಯಾಬೊರೇಟರೀಸ್ ಸ್ಥಾಪಿಸಿದರು. ಏಕವ್ಯಕ್ತಿ ಸಂಸ್ಥೆಯೆಂದು ಗ್ರಾಹಕರು ಭಾವಿಸದಿರಲೆಂದು ತಮ್ಮ ಹೆಸರಿನ ನಡುವಣ ಪದವನ್ನು ಅದಕ್ಕಿಟ್ಟರು. ಮೊದಲ ವರ್ಷದ ವಹಿವಾಟು 36,000 ಡಾಲರ್. ನಿವ್ವಳ ಲಾಭ ಕೇವಲ 1,000 ಡಾಲರ್.

ಲಾಭ ಗಳಿಸಿಕೊಟ್ಟವರು ಲಾಭದಲ್ಲಿ ಪಾಲುದಾರರೂ ಆಗಬೇಕೆಂಬುದು ಅವರ ನಿಯಮವಾಯಿತು. ನೌಕರರಿಗೆ ಲಾಭಾಂಶವೂ ಷೇರುಗಳೂ ದೊರೆತವು. 1989ರಲ್ಲಿ ಸಂಸ್ಥೆಯು ಮೆರೆಲ್ ಡೌ ಜೊತೆ ವಿಲೀನಗೊಂಡಾಗ ಅನೇಕ ನೌಕರರು ದಶಲಕ್ಷ ಡಾಲರ್‌ಗಳ ಒಡೆಯರಾದರು.

ನಗರದ ಬೇಸ್‌ಬಾಲ್ ತಂಡವು 1967ರ ನಂತರ ಓಕ್‌ಲ್ಯಾಂಡ್‌ಗೆ ಸ್ಥಳಾಂತರಗೊಂಡಾಗ, ಕಾಫ್‌ಮನ್ 1968ರಲ್ಲಿ ಹೊಸ ತಂಡದ ಮಾಲೀಕತ್ವ ಪಡೆದರು. ಆ ‘ರಾಯಲ್ಸ್’ ತಂಡವು 1985ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ತಮ್ಮ ಕಾಲಾನಂತರವೂ ತಂಡವು ನಗರದಲ್ಲೇ ಉಳಿಯುವಂತೆ ಅವರು ವ್ಯವಸ್ಥೆ ಮಾಡಿದ್ದರು.

ವರ್ತಕ ಬಂಧುಗಳು ಗಮನಿಸಬೇಕಾದುದಿಷ್ಟೇ: ಪ್ರತಿನಿಧಿಯ ಕಮಿಷನ್ ಏರಿತೆಂದರೆ ನಮ್ಮ ಮಾರಾಟವೂ ಏರಿದೆ ಎಂದರ್ಥ. ಕರಾರಿಗೆ ಮುನ್ನ ಲೆಕ್ಕ ಹಾಕೋಣ. ಕರಾರಾದ ಮೇಲೆ ಮಾತು ಉಳಿಸಿಕೊಳ್ಳೋಣ. ಇಲ್ಲವಾದರೆ ಇಂದಿನ ಸಮರ್ಥ ಪ್ರತಿನಿಧಿಯೇ ನಾಳಿನ ಪ್ರತಿಸ್ಪರ್ಧಿಯಾಗುತ್ತಾನೆ.